ಪ್ರತಿ ಸಲವೂ 27 ಏಕೆ? ಪ್ರತಿದೀಪ್ತಿ ಬಣ್ಣಗಳಿಂದ ಪ್ರೋಟೀನ್–ಡಿಎನ್‌ಎ ಬಂಧವನ್ನು ಅಳೆಯುವ ಬಗ್ಗೆ

ಪ್ರಶ್ನೆ: ನಾನು ಬ್ಯಾಕ್ಟೀರಿಯದ ಒಂದು ರೆಪ್ರೆಸರ್ (ಡಿಎನ್‌ಎಯ ಮೇಲೆ ಕೂತು ಜೀನ್ ಕೆಲಸ ಮಾಡದಂತೆ ತಡೆಯುವ) ಪ್ರೋಟೀನಿನ ಮೇಲೆ ಸಂಶೋಧನೆ ಮಾಡುತ್ತಿರುವ ವಿದ್ಯಾರ್ಥಿನಿ. ಅದು ಬಂದು ಕೂರುವ 24 ಬೇಸ್ ಜೋಡಿಗಳ ಡಿಎನ್‌ಎ ತುಂಡಿನ ಒಂದು ತುದಿಗೆ ಫ್ಲೂರೊಸೀನ್ ಬಣ್ಣವನ್ನು ಜೋಡಿಸಿ ತರಿಸಿಕೊಂಡಿದ್ದೇನೆ. 50 ನ್ಯಾನೊಮೋಲಾರ್ ಡಿಎನ್‌ಎಗೆ ಪ್ರೋಟೀನನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತ ಅನೈಸೊಟ್ರೊಪಿಯನ್ನು (ಹೊರಬರುವ ಬೆಳಕು ತನ್ನ ದಿಕ್ಕನ್ನು ಎಷ್ಟು ಉಳಿಸಿಕೊಂಡಿದೆ ಎಂಬ ಅಳತೆಯನ್ನು) ಅಳೆದು, ಏರಿಕೆಯ ನಡುಬಿಂದುವನ್ನು ವಿಘಟನಾ ಸ್ಥಿರಾಂಕ (ಕೆ.ಡಿ.; ಇದು ಕಡಿಮೆಯಿದ್ದಷ್ಟೂ ಬಂಧ ಬಿಗಿ) ಎಂದು ತೆಗೆದುಕೊಂಡರೆ ಪ್ರತಿ ಸಲವೂ 27 ನ್ಯಾನೊಮೋಲಾರ್ ಬರುತ್ತದೆ. ಜೀವಕೋಶದೊಳಗೆ ಸರಿಯಾಗಿ ಕೆಲಸ ಮಾಡದ ಮ್ಯೂಟೆಂಟ್ ಪ್ರೋಟೀನಿಗೂ 31 ಬಂದಿದೆ. ಡಿಎನ್‌ಎಯೊಳಗೆ ಕೂರುವ ಎಥಿಡಿಯಂ ಬ್ರೋಮೈಡ್ ಬಣ್ಣವನ್ನು ಹೊರದೂಡುವ ವಿಧಾನದಲ್ಲಿ, 0.8 ಮೈಕ್ರೊಮೋಲಾರ್ ಡಿಎನ್‌ಎ ಮತ್ತು 8 ಮೈಕ್ರೊಮೋಲಾರ್ ಎಥಿಡಿಯಂ ಬಳಸಿದಾಗ, ಅದೇ ಪ್ರೋಟೀನಿಗೆ 410 ನ್ಯಾನೊಮೋಲಾರ್ ಬಂತು. ಪ್ರೋಟೀನನ್ನು ಡೈಮರ್ (ಎರಡು ಪ್ರೋಟೀನ್ ಅಣುಗಳ ಜೋಡಿ) ಲೆಕ್ಕದಲ್ಲೇ ಎಣಿಸಿದ್ದೇನೆ. ಯಾವುದನ್ನು ನಂಬಲಿ? ಬಣ್ಣವೇ ಬಂಧಕ್ಕೆ ಅಡ್ಡಿಯಾಗುತ್ತಿದೆಯೇ? ಬೇರೆ ಬಣ್ಣಕ್ಕೆ ಹೋಗಬೇಕೇ?

ಉತ್ತರ: ನಿಮ್ಮ ಅಂಕಿಗಳನ್ನು ಒಂದು ಹಾಳೆಯ ಮೇಲೆ ಅಕ್ಕಪಕ್ಕದಲ್ಲಿ ಬರೆದುಕೊಂಡು ನೋಡಿ. ಮೊದಲ ಪ್ರಯೋಗದಲ್ಲಿ ಡಿಎನ್‌ಎ 50, ಬಂದ ಉತ್ತರ 27. ಎರಡನೆಯದರಲ್ಲಿ ಡಿಎನ್‌ಎ 800 ನ್ಯಾನೊಮೋಲಾರ್, ಬಂದ ಉತ್ತರ 410. ಎರಡೂ ಕಡೆ ನೀವು ಕುವೆಟ್‌ಗೆ (ಅಳತೆಯ ಪುಟ್ಟ ಪಾತ್ರೆಗೆ) ಹಾಕಿದ ಡಿಎನ್‌ಎಯ ಅರ್ಧಕ್ಕಿಂತ ತುಸು ಹೆಚ್ಚಿನ ಸಂಖ್ಯೆಯೇ ಬಂದಿದೆ. ಇದು ಕಾಕತಾಳೀಯವಲ್ಲ. ನೀವು ಅಳೆದಿರುವುದು ಬಹುಮಟ್ಟಿಗೆ ನಿಮ್ಮ ಡಿಎನ್‌ಎಯ ಪ್ರಮಾಣವನ್ನೇ ಹೊರತು ಪ್ರೋಟೀನ್ ಅದನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನಲ್ಲ. ಆದ್ದರಿಂದ ಬಣ್ಣವನ್ನು ದೂಷಿಸುವ ಮೊದಲು ಈ ಒಂದು ವಿಷಯವನ್ನು ಸರಿಪಡಿಸಿಕೊಳ್ಳೋಣ. ಬಣ್ಣದ ತಪ್ಪುಗಳು ಇಲ್ಲವೆಂದಲ್ಲ, ಅವುಗಳ ಸರದಿ ಆಮೇಲೆ.

ಮದುವೆ ಮನೆಯಲ್ಲಿ 50 ಎಲೆ ಹಾಕಿದ್ದಾರೆ ಎಂದುಕೊಳ್ಳಿ. ಚೆನ್ನಾಗಿ ಹಸಿದ ಜನ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ, ಬಂದವರೆಲ್ಲ ನೇರವಾಗಿ ಎಲೆಯ ಮುಂದೆ ಕೂರುತ್ತಾರೆ. ಅರ್ಧ ಪಂಕ್ತಿ ತುಂಬುವುದಕ್ಕೆ 25 ಜನ ಬೇಕಾಯಿತು ಎಂಬ ಮಾತು ಎಲೆಗಳ ಎಣಿಕೆಯನ್ನು ಹೇಳುತ್ತದೆ, ಜನರ ಹಸಿವನ್ನು ಹೇಳುವುದಿಲ್ಲ. ಇದನ್ನೇ ಲೆಕ್ಕದಲ್ಲಿ ಹೇಳುವುದಾದರೆ, ಡಿಎನ್‌ಎಯ ಅರ್ಧಭಾಗ ಪ್ರೋಟೀನಿನೊಂದಿಗೆ ಕೂಡಿರುವ ಬಿಂದುವಿನಲ್ಲಿ ಒಟ್ಟು ಪ್ರೋಟೀನ್ ಎಷ್ಟಿರುತ್ತದೆ ಎಂದರೆ, ಕೆ.ಡಿ.ಯಷ್ಟು ಮುಕ್ತ ಪ್ರೋಟೀನ್ ಮತ್ತು ಅರ್ಧ ಡಿಎನ್‌ಎಯಷ್ಟು ಬದ್ಧ ಪ್ರೋಟೀನ್ ಕೂಡಿದಷ್ಟು. ನಿಜವಾದ ಕೆ.ಡಿ. 2 ನ್ಯಾನೊಮೋಲಾರ್ ಆಗಿದ್ದರೂ 50 ನ್ಯಾನೊಮೋಲಾರ್ ಡಿಎನ್‌ಎಯೊಂದಿಗೆ ನಡುಬಿಂದು 27ಕ್ಕೆ ಬಂದು ನಿಲ್ಲುತ್ತದೆ, ಕೆ.ಡಿ. 6 ಆಗಿದ್ದರೆ 31ಕ್ಕೆ. ಹಾಗೆಂದರೆ ನಿಮ್ಮ ಮೂಲ ಪ್ರೋಟೀನಿಗೂ ಮ್ಯೂಟೆಂಟ್‌ಗೂ ಮೂರು ಪಟ್ಟು ವ್ಯತ್ಯಾಸ ಇದ್ದಿರಬಹುದು, ಆದರೆ ಅದು 27 ಮತ್ತು 31ರ ನಡುವಿನ ನಾಲ್ಕು ಅಂಕಿಗಳಲ್ಲಿ ಅಡಗಿ ಕುಳಿತಿದೆ. ಪಿಪೆಟ್‌ನ ತಪ್ಪೇ ಅಷ್ಟಿರುತ್ತದೆ. ಆದ್ದರಿಂದ ಈ ದತ್ತಾಂಶದಿಂದ 2 ಮತ್ತು 6 ಎಂದು ಬರೆಯುವಂತಿಲ್ಲ. ಹಾಗಿರುವ ಸಾಧ್ಯತೆ ತೆರೆದಿದೆ ಎಂದಷ್ಟೇ ಹೇಳಬಹುದು.

ಈ ತಪ್ಪು ಇಷ್ಟು ಸಾಮಾನ್ಯವಾಗಿರುವುದಕ್ಕೆ ಒಂದು ಕಾರಣವಿದೆ ಎಂದು ನನಗನ್ನಿಸುತ್ತದೆ. ಇ. ಕೋಲಿ ಬ್ಯಾಕ್ಟೀರಿಯದ ಲ್ಯಾಕ್ ರೆಪ್ರೆಸರನ್ನು ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯೂಲರ್-ಹಿಲ್ 1966ರಲ್ಲಿ ಬೇರ್ಪಡಿಸಿದ ಮೇಲೆ, 1970ರಲ್ಲಿ ಆರ್ಥರ್ ರಿಗ್ಸ್ ಮತ್ತು ಸುಜಾನ್ ಬೂರ್ಜ್ವಾ ಅವರ ತಂಡ ಅದು ಡಿಎನ್‌ಎಯನ್ನು ಹಿಡಿಯುವ ಬಿಗಿಯನ್ನು ಅಳೆದಾಗ ಬಳಸಿದ್ದು ವಿಕಿರಣಶೀಲ ರಂಜಕವಿದ್ದ ಡಿಎನ್‌ಎ ಮತ್ತು ನೈಟ್ರೊಸೆಲ್ಯುಲೋಸ್ ಫಿಲ್ಟರ್. ಕಡಿಮೆ ಉಪ್ಪಿನಲ್ಲಿ ಅವರಿಗೆ ಸಿಕ್ಕ ಕೆ.ಡಿ. ಸುಮಾರು 0.1 ಪಿಕೊಮೋಲಾರ್ (ಒಂದು ಪಿಕೊಮೋಲಾರ್ ಎಂದರೆ ನ್ಯಾನೊಮೋಲಾರ್‌ನ ಸಾವಿರದಲ್ಲೊಂದು ಪಾಲು). ವಿಕಿರಣದ ಎಣಿಕೆ ಅಷ್ಟು ಸೂಕ್ಷ್ಮವಾಗಿದ್ದುದರಿಂದ ಪಿಕೊಮೋಲಾರ್ ಮಟ್ಟದ ಡಿಎನ್‌ಎಯಲ್ಲಿ ಕೆಲಸ ಮಾಡುವುದು ಆ ಕಾಲದವರಿಗೆ ಸಹಜವಾಗಿತ್ತು. ನಾವು ವಿಕಿರಣಶೀಲ ವಸ್ತುವನ್ನು ಬಿಟ್ಟು ಬಣ್ಣಗಳಿಗೆ ಬಂದದ್ದು ಒಳ್ಳೆಯದೇ ಆಯಿತು, ಆದರೆ ಬರುವಾಗ ಯಂತ್ರಕ್ಕೆ ಚೆನ್ನಾಗಿ ಕಾಣುವಷ್ಟು ಡಿಎನ್‌ಎ ಹಾಕುವ ಅಭ್ಯಾಸವನ್ನು ಬೆಳೆಸಿಕೊಂಡೆವು. ಪ್ಲೇಟ್ ರೀಡರ್‌ಗೆ 50 ನ್ಯಾನೊಮೋಲಾರ್ ಹಿತವಾಗಿರುತ್ತದೆ. ಪ್ರೋಟೀನಿನ ಪ್ರಶ್ನೆಗೆ ಅದು ಹೊಂದುತ್ತದೆಯೇ ಎಂದು ಕೇಳುವುದನ್ನು ಮರೆಯುತ್ತೇವೆ.

ಹಾಗಾದರೆ ಏನು ಮಾಡಬೇಕು? ಡಿಎನ್‌ಎಯನ್ನು ನಿರೀಕ್ಷಿತ ಕೆ.ಡಿ.ಗಿಂತ ಸಾಕಷ್ಟು ಕೆಳಗೆ, ಸಾಧ್ಯವಾದರೆ ಹತ್ತನೇ ಒಂದರಷ್ಟಕ್ಕೆ ಇಳಿಸಬೇಕು. ನಿಮ್ಮ ಪ್ರೋಟೀನಿಗೆ 0.2 ರಿಂದ 0.5 ನ್ಯಾನೊಮೋಲಾರ್ ಡಿಎನ್‌ಎಯಿಂದ ಆರಂಭಿಸಿ. ಒಳ್ಳೆಯ ಫ್ಲೂರಿಮೀಟರಿನಲ್ಲಿ, ಸ್ವಚ್ಛವಾದ ಬಫರಿನಲ್ಲಿ, ಪ್ರತಿ ಬಿಂದುವಿಗೂ ಹೆಚ್ಚು ಹೊತ್ತು ಸರಾಸರಿ ತೆಗೆದುಕೊಂಡರೆ ಫ್ಲೂರೊಸೀನ್ ಆ ಮಟ್ಟದಲ್ಲಿಯೂ ಓದಲು ಸಿಗುತ್ತದೆ. ನಿಮ್ಮ ಯಂತ್ರಕ್ಕೆ ಅದು ಆಗದಿದ್ದರೆ ಬಫರಿನಲ್ಲಿ ಉಪ್ಪನ್ನು ಏರಿಸಿ ಬಂಧವನ್ನೇ ಸಡಿಲಿಸುವ ದಾರಿಯಿದೆ. 100, 150, 200, 250 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಅಳೆದು, ಕೆ.ಡಿ.ಯ ಲಾಗರಿದಮನ್ನು ಉಪ್ಪಿನ ಲಾಗರಿದಮ್‌ಗೆ ಎದುರಾಗಿ ಗುರುತಿಸಿದರೆ ಸಾಮಾನ್ಯವಾಗಿ ಒಂದು ನೇರ ಗೆರೆ ಬರುತ್ತದೆ. ಅದರ ಇಳಿಜಾರು, ಪ್ರೋಟೀನ್ ಬಂದು ಕೂತಾಗ ಡಿಎನ್‌ಎಯ ಸುತ್ತ ಕವಿದಿದ್ದ ಎಷ್ಟು ಧನ ಅಯಾನುಗಳು ಬಿಡುಗಡೆಯಾಗುತ್ತವೆ ಎಂಬುದರ ಸುಳಿವನ್ನೂ ಕೊಡುತ್ತದೆ. ಹೊಂದಿಸುವ ಸೂತ್ರದ ವಿಷಯದಲ್ಲಿಯೂ ಒಂದು ಮಾತು: ಡಿಎನ್‌ಎ ಮತ್ತು ಕೆ.ಡಿ. ಹೆಚ್ಚುಕಡಿಮೆ ಸಮವಿದ್ದಾಗ, ಡಿಎನ್‌ಎಗೆ ಬದ್ಧವಾದ ಪ್ರೋಟೀನನ್ನೂ ಲೆಕ್ಕಕ್ಕೆ ಹಿಡಿಯುವ ವರ್ಗ ಸಮೀಕರಣವನ್ನು ಬಳಸಿದರೆ ಸರಿಯಾದ ಉತ್ತರ ಸಿಗುತ್ತದೆ. ಆದರೆ ಡಿಎನ್‌ಎ 25 ಪಟ್ಟು ಹೆಚ್ಚಿರುವಾಗ ಯಾವ ಸೂತ್ರವೂ ದತ್ತಾಂಶದಲ್ಲಿ ಇಲ್ಲದಿರುವುದನ್ನು ಹೊರತೆಗೆಯಲಾರದು.

ಹಳೆಯ ದತ್ತಾಂಶವನ್ನು ಎಸೆಯಬೇಡಿ. ಅದು ಇನ್ನೊಂದು ಪ್ರಶ್ನೆಗೆ ಉತ್ತರ. ಡಿಎನ್‌ಎ ಬಹಳ ಹೆಚ್ಚಿರುವಾಗ ಸಿಗುವ ರೇಖೆ ನೇರವಾಗಿ ಏರಿ ಒಂದು ಮೂಲೆಯಲ್ಲಿ ತಿರುಗಿ ಚಪ್ಪಟೆಯಾಗುತ್ತದೆ. ಆ ಮೂಲೆ ಎಲ್ಲಿ ಬರುತ್ತದೆ ಎಂಬುದು ನಿಮ್ಮ ತಯಾರಿಕೆಯಲ್ಲಿ ನಿಜವಾಗಿ ಡಿಎನ್‌ಎಯನ್ನು ಹಿಡಿಯಬಲ್ಲ ಪ್ರೋಟೀನ್ ಎಷ್ಟು ಪಾಲು ಇದೆ ಎಂಬುದನ್ನು ಹೇಳುತ್ತದೆ. ಅರ್ಧ ಪ್ರೋಟೀನ್ ಕೆಟ್ಟಿದ್ದಿದ್ದರೆ ನಡುಬಿಂದು 27ರ ಬದಲು 50ರ ಆಚೆ ಹೋಗಿರುತ್ತಿತ್ತು. ನಿಮ್ಮ ಡಿಎನ್‌ಎಯ ಸಾಂದ್ರತೆಯನ್ನು ಸರಿಯಾಗಿ ಅಳೆದಿದ್ದೀರಿ ಎಂದಾದರೆ, ನಿಮ್ಮ ಪ್ರೋಟೀನ್ ಬಹುಪಾಲು ಸಕ್ರಿಯವಾಗಿದೆ ಎಂದು ಈ ರೇಖೆ ಸಾಕ್ಷಿ ಹೇಳುತ್ತಿದೆ. ಮ್ಯೂಟೆಂಟಿನ ವಿಷಯದಲ್ಲಿ ಇದೇ ಮಾತನ್ನು ಕಣ್ಣುಮುಚ್ಚಿ ಹೇಳಲಾರೆ: ಅಲ್ಲಿ 31 ಬಂದದ್ದು ಬಂಧ ಸಡಿಲವಾದುದರಿಂದಲೂ ಇರಬಹುದು, ಪ್ರೋಟೀನಿನ ಎಂಟರಲ್ಲೊಂದು ಪಾಲು ಮಡಿಕೆ ತಪ್ಪಿ ನಿಷ್ಕ್ರಿಯವಾದುದರಿಂದಲೂ ಇರಬಹುದು.

ಈಗ ಬಣ್ಣದ ವಿಷಯಕ್ಕೆ ಬರೋಣ. ಫ್ಲೂರೊಸೀನ್ 1871ರಲ್ಲಿ ಅಡಾಲ್ಫ್ ಫಾನ್ ಬೇಯರ್ ತಯಾರಿಸಿದ ಬಣ್ಣ. ಸುಮಾರು 495 ನ್ಯಾನೊಮೀಟರ್ ಬೆಳಕನ್ನು ಹೀರಿಕೊಂಡು 520ರ ಹಸಿರನ್ನು ಹೊರಸೂಸುತ್ತದೆ. ಹೀರಿಕೊಳ್ಳುವುದಕ್ಕೂ ಹೊರಸೂಸುವುದಕ್ಕೂ ನಡುವೆ ಸರಾಸರಿ 4 ನ್ಯಾನೊಸೆಕೆಂಡು ಅದು ಉದ್ರೇಕಗೊಂಡ ಸ್ಥಿತಿಯಲ್ಲಿರುತ್ತದೆ, ಮತ್ತು ಅನೈಸೊಟ್ರೊಪಿಯ ಇಡೀ ಕಥೆ ನಡೆಯುವುದು ಈ 4 ನ್ಯಾನೊಸೆಕೆಂಡುಗಳೊಳಗೆ. ಲಂಬವಾಗಿ ಧ್ರುವೀಕರಿಸಿದ ಬೆಳಕು ಲಂಬವಾಗಿ ನಿಂತ ಅಣುಗಳನ್ನೇ ಹೆಚ್ಚಾಗಿ ಉದ್ರೇಕಿಸುತ್ತದೆ. ಬೆಳಕು ಹೊರಬರುವ ಹೊತ್ತಿಗೆ ಅಣು ತಿರುಗಿಬಿಟ್ಟಿದ್ದರೆ ಹೊರಬಂದ ಬೆಳಕು ದಿಕ್ಕು ಕಳೆದುಕೊಂಡಿರುತ್ತದೆ. ತಿರುಗದೆ ಇದ್ದರೆ ದಿಕ್ಕನ್ನು ಉಳಿಸಿಕೊಂಡಿರುತ್ತದೆ. ಫ್ರಾನ್ಸಿಸ್ ಪೆರಾಂ 1926ರಲ್ಲಿ ಇದಕ್ಕೆ ಕೊಟ್ಟ ಸಮೀಕರಣದ ಸಾರ ಇಷ್ಟೇ: ಬಣ್ಣದ ಆಯುಷ್ಯಕ್ಕೂ ಅಣು ತಿರುಗುವ ಕಾಲಕ್ಕೂ ಇರುವ ಅನುಪಾತ ಅನೈಸೊಟ್ರೊಪಿಯನ್ನು ನಿರ್ಧರಿಸುತ್ತದೆ, ಮತ್ತು ದ್ರಾವಣದಲ್ಲಿ ಅದರ ಗರಿಷ್ಠ ಮೌಲ್ಯ 0.4. ನಿಮ್ಮ 24 ಜೋಡಿಗಳ ಡಿಎನ್‌ಎ ಸುಮಾರು 16 ಕಿಲೊಡಾಲ್ಟನ್ ತೂಗುತ್ತದೆ. ಅದರ ಮೇಲೆ ಪ್ರೋಟೀನ್ ಡೈಮರ್ ಬಂದು ಕೂತಾಗ ಇಡೀ ಜೋಡಣೆ ನಿಧಾನವಾಗಿ ತಿರುಗುತ್ತದೆ, ಅನೈಸೊಟ್ರೊಪಿ ಏರುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಬಣ್ಣ ಡಿಎನ್‌ಎಗೆ ಅಂಟಿರುವುದು ಸಾಮಾನ್ಯವಾಗಿ ಆರು ಇಂಗಾಲಗಳ ಒಂದು ಮೆತ್ತನೆಯ ಸರಪಳಿಯ ತುದಿಯಲ್ಲಿ. ಗಾಳಿಪಟದ ಬಾಲಂಗೋಚಿಯಂತೆ ಅದು ತನ್ನಷ್ಟಕ್ಕೆ ತಾನು ಹೊರಳಾಡುತ್ತಿರುತ್ತದೆ. ಆದ್ದರಿಂದ ನೀವು ಅಳೆಯುವ ಬದಲಾವಣೆಯಲ್ಲಿ ಜೋಡಣೆಯ ಗಾತ್ರ ಹೆಚ್ಚಾದುದರ ಪಾಲೂ ಇರುತ್ತದೆ, ಪ್ರೋಟೀನ್ ಪಕ್ಕಕ್ಕೆ ಬಂದು ಆ ಬಾಲದ ಹೊರಳಾಟಕ್ಕೆ ಕಡಿವಾಣ ಹಾಕಿದುದರ ಪಾಲೂ ಇರುತ್ತದೆ. ಕೆ.ಡಿ. ತೆಗೆಯುವುದಕ್ಕೆ ಎರಡೂ ಒಳ್ಳೆಯವೇ. ಆದರೆ ಅನೈಸೊಟ್ರೊಪಿ ಇಷ್ಟು ಏರಿತು ಎಂಬುದರಿಂದ ಎಷ್ಟು ಡೈಮರ್‌ಗಳು ಕೂತಿವೆ ಎಂದು ಊಹಿಸಲು ಹೋಗಬೇಡಿ.

ಅನೈಸೊಟ್ರೊಪಿಯೊಂದಿಗೆ ಒಟ್ಟು ಬೆಳಕಿನ ತೀವ್ರತೆಯನ್ನೂ ಬರೆದಿಟ್ಟುಕೊಂಡಿದ್ದೀರಾ ಎಂದು ನೀವು ತಿಳಿಸಿಲ್ಲ. ಅದು ಮುಖ್ಯ. ಬದ್ಧ ಸ್ಥಿತಿಯಲ್ಲಿ ಬಣ್ಣ ಎರಡು ಪಟ್ಟು ಪ್ರಖರವಾಗಿ ಹೊಳೆಯುತ್ತದೆ ಎಂದಿಟ್ಟುಕೊಳ್ಳಿ. ಆಗ ಡಿಎನ್‌ಎಯ ಅರ್ಧ ಮಾತ್ರ ಬದ್ಧವಾಗಿರುವಾಗ ಹೊರಬರುವ ಬೆಳಕಿನಲ್ಲಿ ಮೂರನೇ ಎರಡು ಪಾಲು ಬದ್ಧ ಅಣುಗಳದ್ದಾಗಿರುತ್ತದೆ, ಮತ್ತು ಯಂತ್ರ ತೋರಿಸುವ ಅನೈಸೊಟ್ರೊಪಿ ಅರ್ಧದಾರಿಯ ಬದಲು ಮೂರನೇ ಎರಡರಷ್ಟು ದಾರಿ ಕ್ರಮಿಸಿರುತ್ತದೆ. ಅನೈಸೊಟ್ರೊಪಿಯನ್ನು ಬದ್ಧ ಪಾಲಿಗೆ ಪರಿವರ್ತಿಸುವಾಗ ಈ ಪ್ರಖರತೆಯ ಅನುಪಾತವನ್ನು ಸೇರಿಸಿಕೊಂಡರೆ ತಪ್ಪು ಸರಿಹೋಗುತ್ತದೆ. ಒಟ್ಟು ತೀವ್ರತೆ ಎಂದರೆ ಉದ್ರೇಕಿಸಿದ ಬೆಳಕಿನ ದಿಕ್ಕಿಗೆ ಸಮಾಂತರವಾದ ತೀವ್ರತೆಗೆ, ಅದಕ್ಕೆ ಅಡ್ಡಲಾದ ದಿಕ್ಕಿನ ತೀವ್ರತೆಯನ್ನು ಯಂತ್ರದ ಜಿ ಅಂಶದಿಂದ (ಎರಡು ದಿಕ್ಕುಗಳ ಬೆಳಕನ್ನು ಯಂತ್ರ ಸಮನಾಗಿ ಹಿಡಿಯದಿರುವುದಕ್ಕೆ ಮಾಡುವ ತಿದ್ದುಪಡಿ) ತಿದ್ದಿ ಅದರ ಎರಡರಷ್ಟನ್ನು ಕೂಡಿದ್ದು. ಬರೀ ಸಮಾಂತರ ಚಾನೆಲ್ಲನ್ನು ನೋಡಿ ಏನೂ ಬದಲಾಗಿಲ್ಲ ಎನ್ನಬಾರದು.

ನಾನು ಸಂಶೋಧನೆಗೆ ಸೇರಿದ ಹೊಸತರಲ್ಲಿ ಎರಡು ತಿಂಗಳು ಒಂದು ಸುಂದರವಾದ ರೇಖೆಯನ್ನು ನಂಬಿಕೊಂಡಿದ್ದೆ. ಅನೈಸೊಟ್ರೊಪಿ ನಯವಾಗಿ ಏರುತ್ತಿತ್ತು, ಪ್ರತಿ ಸಲವೂ ಒಂದೇ ರೀತಿ ಬರುತ್ತಿತ್ತು. ಹಿರಿಯರೊಬ್ಬರು ಪಕ್ಕದಲ್ಲಿ ನಿಂತು, ನಾನು ಫ್ರೀಜರಿನಿಂದ ತೆಗೆದ ಪ್ರೋಟೀನನ್ನು ಪಿಪೆಟ್‌ನಲ್ಲಿ ಎಳೆಯುವುದನ್ನು ನೋಡುತ್ತಿದ್ದರು. ದ್ರವ ಜೇನಿನಂತೆ ತುದಿಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತಿತ್ತು. ಅವರು ಕೇಳಿದ್ದು ಒಂದೇ ಪ್ರಶ್ನೆ: ಪ್ರೋಟೀನ್ ಇಲ್ಲದ ಇದೇ ಬಫರನ್ನು ಹಾಕಿ ನೋಡಿದ್ದೀಯಾ? ಸಂಗ್ರಹದ ಬಫರಿನಲ್ಲಿ ಅರ್ಧಕ್ಕರ್ಧ ಗ್ಲಿಸರಾಲ್ ಇತ್ತು. ಪ್ರಯೋಗದ ಕೊನೆಯ ಬಿಂದುಗಳಿಗೆ ಬರುವಾಗ ಕುವೆಟ್‌ನಲ್ಲಿ ಶೇಕಡಾ 10ರಷ್ಟು ಗ್ಲಿಸರಾಲ್ ಸೇರಿ ದ್ರಾವಣದ ಸ್ನಿಗ್ಧತೆ ಮೂರನೇ ಒಂದಕ್ಕಿಂತ ಹೆಚ್ಚೇ ಏರಿರುತ್ತಿತ್ತು. ದಪ್ಪ ದ್ರವದಲ್ಲಿ ಒಂಟಿ ಡಿಎನ್‌ಎಯೂ ನಿಧಾನವಾಗಿಯೇ ತಿರುಗುತ್ತದೆ. ಬರಿಯ ಬಫರ್ ಹಾಕಿದಾಗಲೂ ನನ್ನ ಏರಿಕೆಯ ಅರ್ಧದಷ್ಟು ಹಾಗೆಯೇ ಬಂತು. ಅಂದಿನಿಂದ ಪ್ರೋಟೀನನ್ನು ಅಳತೆಯ ಬಫರಿಗೇ ಡಯಾಲಿಸಿಸ್ (ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಬಫರ್ ಬದಲಾವಣೆ) ಮಾಡದೆ ನಾನು ಒಂದು ಬಿಂದುವನ್ನೂ ತೆಗೆದುಕೊಂಡಿಲ್ಲ. ನೀವೂ ತೆಗೆದುಕೊಳ್ಳಬೇಡಿ.

ಬಣ್ಣವೇ ಅಡ್ಡಿಯಾಗುತ್ತಿದೆಯೇ ಎಂಬ ನಿಮ್ಮ ಅನುಮಾನ ನ್ಯಾಯವಾದದ್ದು, ಮತ್ತು ಅದನ್ನು ಊಹೆಗೆ ಬಿಡದೆ ಪರೀಕ್ಷಿಸುವ ವಿಧಾನ ಸರಳವಾಗಿದೆ. ಬಣ್ಣವಿರುವ ಡಿಎನ್‌ಎಗೆ ಪ್ರೋಟೀನನ್ನು ಮುಕ್ಕಾಲು ಪಾಲು ಕೂರಿಸಿ, ಆ ಮೇಲೆ ಅದೇ ಅನುಕ್ರಮದ ಬಣ್ಣವಿಲ್ಲದ ಡಿಎನ್‌ಎಯನ್ನು ಹೆಚ್ಚಿಸುತ್ತ ಹೋಗಿ. ಬಣ್ಣವಿಲ್ಲದ ಡಿಎನ್‌ಎ ಪ್ರೋಟೀನನ್ನು ತನ್ನತ್ತ ಸೆಳೆದುಕೊಂಡಂತೆ ಅನೈಸೊಟ್ರೊಪಿ ಇಳಿಯಬೇಕು, ಮತ್ತು ಆ ಇಳಿತದಿಂದ ಲೆಕ್ಕ ಹಾಕಿದ ಕೆ.ಡಿ. ನೇರ ಅಳತೆಯ ಕೆ.ಡಿ.ಯೊಂದಿಗೆ ಹೊಂದಬೇಕು. ಬಣ್ಣವಿಲ್ಲದ ಡಿಎನ್‌ಎ ಐದು ಪಟ್ಟು ದುರ್ಬಲವಾಗಿ ಸ್ಪರ್ಧಿಸುತ್ತಿದ್ದರೆ ಪ್ರೋಟೀನ್ ಬಣ್ಣವನ್ನೂ ಹಿಡಿಯುತ್ತಿದೆ ಎಂದರ್ಥ. ಬಣ್ಣವನ್ನು ಇನ್ನೊಂದು ತುದಿಗೆ ಬದಲಾಯಿಸಿ ಅಳೆಯುವುದು ಎರಡನೆಯ ಪರೀಕ್ಷೆ. ನಿಮ್ಮ ಪ್ರೋಟೀನಿನ ಗುರುತು ತಾಣ 18 ರಿಂದ 20 ಜೋಡಿಗಳಷ್ಟಿದ್ದರೆ 24ರ ತುಂಡಿನಲ್ಲಿ ಎರಡೂ ಬದಿಗೆ ಎರಡು ಮೂರು ಜೋಡಿ ಮಾತ್ರ ಉಳಿಯುತ್ತವೆ, ಬಣ್ಣ ಪ್ರೋಟೀನಿನ ಮೈಗೆ ತಾಗಿಕೊಂಡೇ ಇರುತ್ತದೆ. 30 ಜೋಡಿಗಳಿಗೆ ಹಿಗ್ಗಿಸಿದರೆ ಉಸಿರಾಡಲು ಜಾಗ ಸಿಗುತ್ತದೆ. ಅದಕ್ಕಿಂತ ಉದ್ದ ಮಾಡಿದರೆ ಒಂಟಿ ಡಿಎನ್‌ಎಯೇ ನಿಧಾನವಾಗಿ ತಿರುಗತೊಡಗಿ ಸಿಗುವ ವ್ಯತ್ಯಾಸ ಕುಗ್ಗುತ್ತದೆ.

ಫ್ಲೂರೊಸೀನಿಗೆ ತನ್ನದೇ ಆದ ಎರಡು ಗುಣಗಳಿವೆ, ತಿಳಿದಿರಲಿ. ಪಕ್ಕದಲ್ಲಿ ಗ್ವಾನಿನ್ ಇದ್ದರೆ ಅದರ ಹೊಳಪು ಕುಂದುತ್ತದೆ, ಏಕೆಂದರೆ ಗ್ವಾನಿನ್ ಇತರ ಬೇಸ್‌ಗಳಿಗಿಂತ ಸುಲಭವಾಗಿ ಎಲೆಕ್ಟ್ರಾನನ್ನು ಬಿಟ್ಟುಕೊಡುತ್ತದೆ. ಆದ್ದರಿಂದ ಬಣ್ಣ ಕೂರುವ ತುದಿಯ ಜೋಡಿ ಎ–ಟಿ ಆಗಿರುವಂತೆ ವಿನ್ಯಾಸ ಮಾಡಿ. ಎರಡನೆಯದು, ಅದರ ಪಿಕೆಎ (ಅರ್ಧದಷ್ಟು ಅಣುಗಳು ಪ್ರೋಟಾನ್ ಬಿಟ್ಟುಕೊಟ್ಟಿರುವ ಪಿಎಚ್) ಸುಮಾರು 6.4 ಇರುವುದರಿಂದ ಪಿಎಚ್ 7ರ ಆಸುಪಾಸಿನಲ್ಲಿ ಸಣ್ಣ ವ್ಯತ್ಯಾಸವೂ ಹೊಳಪಿನಲ್ಲಿ ಕಾಣುತ್ತದೆ. ಟ್ರಿಸ್ ಬಫರಿನ ಪಿಎಚ್ ಉಷ್ಣತೆ ಏರಿದ ಪ್ರತಿ ಡಿಗ್ರಿಗೆ ಸುಮಾರು 0.03ರಂತೆ ಇಳಿಯುತ್ತದೆ, 25 ಡಿಗ್ರಿಯಲ್ಲಿ 7.5ಕ್ಕೆ ಹೊಂದಿಸಿದ ಬಫರ್ 4 ಡಿಗ್ರಿಯ ಕೋಲ್ಡ್ ರೂಮಿನಲ್ಲಿ 8.1 ಆಗಿರುತ್ತದೆ. ಫ್ರಿಜ್‌ನಿಂದ ತೆಗೆದ ಬಫರನ್ನು ನೇರವಾಗಿ ಕುವೆಟ್‌ಗೆ ಸುರಿದು ಅಳೆದರೆ ಮೊದಲ ಹತ್ತು ನಿಮಿಷದ ಓದು ಬಂಧದ ಕಥೆಯಾಗಿರದೆ ದ್ರಾವಣ ಬೆಚ್ಚಗಾಗುತ್ತಿರುವ ಕಥೆಯಾಗಿರುತ್ತದೆ. ಇದು ತೊಂದರೆ ಕೊಡುವುದಾದರೆ ಅಲೆಕ್ಸಾ ಫ್ಲೂರ್ 488ಕ್ಕೆ ಬದಲಾಯಿಸಿಕೊಳ್ಳಬಹುದು: ತರಂಗಾಂತರಗಳು ಹೆಚ್ಚುಕಡಿಮೆ ಅವೇ, ಪಿಎಚ್‌ಗೆ ಅಷ್ಟು ಸ್ಪಂದಿಸುವುದಿಲ್ಲ, ಬೆಳಕಿನಲ್ಲಿ ಬೇಗ ಮಾಸುವುದಿಲ್ಲ, ಬೆಲೆ ಮಾತ್ರ ಹೆಚ್ಚು.

ಎಥಿಡಿಯಂ ಬ್ರೋಮೈಡಿನ ವಿಧಾನ ಬೇರೆಯೇ ಜಾತಿಯದು. ಅದು ಡಿಎನ್‌ಎಗೆ ನಂಟು ಹಾಕಿಸಿಕೊಂಡ ಬಣ್ಣವಲ್ಲ. ಬೇಸ್ ಜೋಡಿಗಳ ನಡುವೆ ನುಸುಳಿ ಕೂರುತ್ತದೆ. ನೀರಿನಲ್ಲಿ ಅದರ ಉದ್ರೇಕಿತ ಸ್ಥಿತಿಯ ಆಯುಷ್ಯ ಸುಮಾರು 1.8 ನ್ಯಾನೊಸೆಕೆಂಡು, ಡಿಎನ್‌ಎಯೊಳಗೆ ನೀರಿನಿಂದ ಮರೆಯಾದಾಗ 20ಕ್ಕಿಂತ ಹೆಚ್ಚು. ಆದ್ದರಿಂದಲೇ ಅದು ಡಿಎನ್‌ಎಯೊಂದಿಗೆ ಸೇರಿದಾಗ ಅಷ್ಟು ಪ್ರಖರವಾಗಿ ಕಿತ್ತಳೆಗೆಂಪಾಗಿ ಹೊಳೆಯುತ್ತದೆ. ಪ್ರೋಟೀನ್ ಬಂದು ಅದನ್ನು ಹೊರದೂಡಿದರೆ ಹೊಳಪು ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಆದರೆ ನುಸುಳಿದ ಪ್ರತಿ ಎಥಿಡಿಯಂ ಡಿಎನ್‌ಎಯನ್ನು ಸುಮಾರು 0.34 ನ್ಯಾನೊಮೀಟರ್ ಉದ್ದ ಮಾಡುತ್ತದೆ ಮತ್ತು ಅದರ ತಿರುಚನ್ನು 26 ಡಿಗ್ರಿಯಷ್ಟು ಬಿಚ್ಚುತ್ತದೆ. ನಿಮ್ಮ ರೆಪ್ರೆಸರ್ ಹುಡುಕಿಕೊಂಡು ಬರುವುದು ಸರಿಯಾದ ತಿರುಚಿನ ದೊಡ್ಡ ಕಂದಕವನ್ನು. ಅದಕ್ಕೆ ಸಿಗುವುದು ಹಿಗ್ಗಿಸಿದ, ಬಿಚ್ಚಿದ ಡಿಎನ್‌ಎ. ಜೊತೆಗೆ ಎಥಿಡಿಯಂ ಒಬ್ಬ ಸ್ಪರ್ಧಿಯೂ ಹೌದು. ಅದರ ಸ್ವಂತ ಕೆ.ಡಿ. 2 ಮೈಕ್ರೊಮೋಲಾರ್ ಎಂದಿಟ್ಟುಕೊಂಡರೆ, ನೀವು ಬಳಸಿದ 8 ಮೈಕ್ರೊಮೋಲಾರ್ ಎಥಿಡಿಯಂ ಪ್ರೋಟೀನಿನ ತೋರಿಕೆಯ ಕೆ.ಡಿ.ಯನ್ನು ಸರಳ ಲೆಕ್ಕದಲ್ಲಿ ಐದು ಪಟ್ಟು ದುರ್ಬಲಗೊಳಿಸುತ್ತದೆ. ಇದೆಲ್ಲದರ ಮೇಲೆ ಡಿಎನ್‌ಎ 800 ನ್ಯಾನೊಮೋಲಾರ್ ಇರುವುದರಿಂದ ಆ ಐದು ಪಟ್ಟೂ 400ರ ನೆರಳಿನಲ್ಲಿ ಮುಚ್ಚಿಹೋಗಿದೆ.

ಹಾಗೆಂದು ಈ ವಿಧಾನ ನಿರುಪಯೋಗಿಯಲ್ಲ. ಬಣ್ಣ ಜೋಡಿಸಿದ ಡಿಎನ್‌ಎ ತರಿಸಿಕೊಳ್ಳಬೇಕಿಲ್ಲ, ಇಪ್ಪತ್ತು ಬೇರೆ ಬೇರೆ ಅನುಕ್ರಮಗಳನ್ನು ಒಂದೇ ದಿನದಲ್ಲಿ ಹೋಲಿಸಬಹುದು. ಯಾವುದು ಹೆಚ್ಚು, ಯಾವುದು ಕಡಿಮೆ ಎಂಬ ಶ್ರೇಣಿ ಸಿಗುತ್ತದೆ. ಸಂಖ್ಯೆಯನ್ನು ಮಾತ್ರ ಕೆ.ಡಿ. ಎಂದು ಪ್ರಬಂಧದಲ್ಲಿ ಬರೆಯಬೇಡಿ. ಇದೇ ಕೆಲಸಕ್ಕೆ ಥಯಾಜೋಲ್ ಆರೆಂಜ್ ಇನ್ನೂ ಒಳ್ಳೆಯದು, ಏಕೆಂದರೆ ಮುಕ್ತವಾಗಿರುವಾಗ ಅದು ಬಹುತೇಕ ಕತ್ತಲೆಯಾಗಿರುತ್ತದೆ. ಎಥಿಡಿಯಂ ಮ್ಯುಟಾಜೆನ್ (ಜೀನ್‌ಗಳನ್ನು ಬದಲಾಯಿಸಬಲ್ಲ ವಸ್ತು) ಎಂಬುದು ನಿಮಗೆ ಗೊತ್ತಿರುತ್ತದೆ; ಆದರೂ ಕೈಗವಸು ತೆಗೆದ ಕೈಯಲ್ಲಿ ಕುವೆಟ್ ತೊಳೆಯುವವರನ್ನು ನಾನು ಇನ್ನೂ ನೋಡುತ್ತಿರುವುದರಿಂದ ಹೇಳಬೇಕಾಯಿತು.

ಡಿಎನ್‌ಎಯನ್ನು ಕೆಳಗಿಳಿಸಿದ ಕೂಡಲೇ ಎರಡು ಹೊಸ ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಸಮಯ. ಬಿಗಿಯಾದ ಬಂಧ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಕೆ.ಡಿ. 1 ನ್ಯಾನೊಮೋಲಾರ್ ಮತ್ತು ಕೂಡುವ ವೇಗ ಪ್ರತಿ ಮೋಲಾರ್‌ಗೆ ಪ್ರತಿ ಸೆಕೆಂಡಿಗೆ 10 ಲಕ್ಷ ಆಗಿದ್ದರೆ ಜೋಡಿ ಬೇರ್ಪಡುವ ಅರ್ಧಾಯುಷ್ಯ ಸುಮಾರು 11.5 ನಿಮಿಷ. ಪ್ರೋಟೀನ್ ಅತಿ ಕಡಿಮೆಯಿರುವ ಬಿಂದುಗಳು ಸಮಸ್ಥಿತಿಗೆ ಬರಲು ಇಂಥ ಐದು ಅರ್ಧಾಯುಷ್ಯಗಳು, ಎಂದರೆ ಹತ್ತಿರಹತ್ತಿರ ಒಂದು ಗಂಟೆ ಬೇಕು. ಐದು ನಿಮಿಷಕ್ಕೆ ಓದಿದರೆ ಬಂಧ ಇರುವುದಕ್ಕಿಂತ ದುರ್ಬಲವಾಗಿ ಕಾಣುತ್ತದೆ. ಅರ್ಧ ಗಂಟೆಯಾದಾಗ ಒಮ್ಮೆ, ಎರಡು ಗಂಟೆಯಾದಾಗ ಇನ್ನೊಮ್ಮೆ ಅದೇ ಪ್ಲೇಟನ್ನು ಓದಿ. ರೇಖೆ ಜಾಗ ಬದಲಿಸದಿದ್ದರೆ ಮಾತ್ರ ನಂಬಿ. ಎರಡನೆಯದು ಗೋಡೆಗಳು. 1 ನ್ಯಾನೊಮೋಲಾರ್‌ನಲ್ಲಿ ಪ್ರೋಟೀನಿನ ಬಹುಪಾಲು ಪ್ಲಾಸ್ಟಿಕ್ ಟ್ಯೂಬಿನ ಮೈಗೇ ಅಂಟಿಹೋಗಬಹುದು. ಅಂಟು ಕಡಿಮೆಯಿರುವ ಟ್ಯೂಬುಗಳನ್ನು ಬಳಸಿ, ಬಫರಿಗೆ ಶೇಕಡಾ 0.01 ಟ್ವೀನ್-20 (ಒಂದು ಮಾರ್ಜಕ) ಅಥವಾ ಪ್ರತಿ ಮಿಲಿಲೀಟರಿಗೆ 0.1 ಮಿಲಿಗ್ರಾಂ ಬಿಎಸ್‌ಎ (ಹಸುವಿನ ರಕ್ತದ ಆಲ್ಬುಮಿನ್ ಪ್ರೋಟೀನ್) ಸೇರಿಸಿ, ಆದರೆ ಬಿಎಸ್‌ಎ ಒಂದೇ ಇದ್ದಾಗ ಅನೈಸೊಟ್ರೊಪಿ ಏರುವುದಿಲ್ಲ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಬಣ್ಣವಿರುವ ಎಳೆ ಒಂಟಿಯಾಗಿ ಉಳಿಯದಂತೆ ಜೋಡಿಸುವಾಗ ಬಣ್ಣವಿಲ್ಲದ ಎಳೆಯನ್ನು ಶೇಕಡಾ 10ರಷ್ಟು ಹೆಚ್ಚು ಹಾಕುವುದೂ ಒಳ್ಳೆಯ ಅಭ್ಯಾಸ.

ಇಷ್ಟಾದ ಮೇಲೆ ಅತ್ಯಗತ್ಯವಾದ ಹೋಲಿಕೆ ಒಂದು ಉಳಿಯುತ್ತದೆ: ಅದೇ ಉದ್ದದ, ಅದೇ ಬೇಸ್‌ಗಳ, ಆದರೆ ಅನುಕ್ರಮ ಕಲಸಿಹಾಕಿದ ಡಿಎನ್‌ಎ. ರೆಪ್ರೆಸರ್‌ಗಳು ಯಾವ ಡಿಎನ್‌ಎಯನ್ನಾದರೂ ಸ್ವಲ್ಪಮಟ್ಟಿಗೆ ಹಿಡಿಯುತ್ತವೆ, ಮತ್ತು ಇದು ಪ್ರಯೋಗದ ದೋಷವಲ್ಲ, ಅವುಗಳ ಬದುಕಿನ ರೀತಿ. 2007ರಲ್ಲಿ ಯೊಹಾನ್ ಎಲ್ಫ್, ಜೀನ್-ವೇ ಲಿ ಮತ್ತು ಸನ್ನಿ ಷೇ ಅವರು ಹಳದಿ ಪ್ರತಿದೀಪ್ತಿ ಪ್ರೋಟೀನನ್ನು ಜೋಡಿಸಿದ ಲ್ಯಾಕ್ ರೆಪ್ರೆಸರಿನ ಒಂದೊಂದೇ ಅಣುವನ್ನು ಜೀವಂತ ಇ. ಕೋಲಿಯೊಳಗೆ ಗಮನಿಸಿದಾಗ, ಅದು ತನ್ನ ಹುಡುಕಾಟದ ಸುಮಾರು ಶೇಕಡಾ 90ರಷ್ಟು ಹೊತ್ತು ಯಾವುದೋ ಡಿಎನ್‌ಎಗೆ ಸಡಿಲವಾಗಿ ಅಂಟಿಕೊಂಡು ಅದರುದ್ದಕ್ಕೂ ಸರಿದಾಡುತ್ತಲೇ ಇರುತ್ತದೆ ಎಂದು ಕಂಡುಬಂತು. ಆದ್ದರಿಂದ ನಿಮ್ಮ ಮ್ಯೂಟೆಂಟ್ ಜೀವಕೋಶದಲ್ಲಿ ಸೋಲುತ್ತಿರುವುದು ಗುರಿ ತಾಣವನ್ನು ಸಡಿಲವಾಗಿ ಹಿಡಿಯುವುದರಿಂದಲೇ ಇರಬೇಕೆಂದಿಲ್ಲ. ಉಳಿದ ಡಿಎನ್‌ಎಯನ್ನು ಅತಿಯಾಗಿ ಬಿಗಿಹಿಡಿದು ಅಲ್ಲಿಯೇ ಸಿಕ್ಕಿಬಿದ್ದಿರುವುದೂ ಸಾಧ್ಯ. ಎರಡೂ ಪ್ರೋಟೀನುಗಳಿಗೆ, ಎರಡೂ ಡಿಎನ್‌ಎಗಳೊಂದಿಗೆ, ಹೀಗೆ ನಾಲ್ಕು ಕೆ.ಡಿ.ಗಳನ್ನು ಅಳೆದಾಗ ಮಾತ್ರ ಇವುಗಳಲ್ಲಿ ಯಾವುದು ಎಂಬುದು ತಿಳಿಯುತ್ತದೆ.

ಬೇರೆ ಬಣ್ಣಗಳಿಗೆ ಹೋಗಬೇಕೇ ಎಂಬ ಪ್ರಶ್ನೆಗೆ, ಕೆ.ಡಿ.ಗಾಗಿ ಬೇಡ, ಬೇರೆ ಪ್ರಶ್ನೆಗಳಿಗಾಗಿ ಬೇಕಾಗಬಹುದು ಎಂದು ಹೇಳುತ್ತೇನೆ. ಪ್ರೋಟೀನ್ ಡಿಎನ್‌ಎಯನ್ನು ಬಗ್ಗಿಸುತ್ತದೆಯೇ ಎಂದು ನೋಡಬೇಕಿದ್ದರೆ ಎರಡು ತುದಿಗಳಿಗೆ ಎರಡು ಬಣ್ಣ ಹಾಕಿ ಒಂದರಿಂದ ಇನ್ನೊಂದಕ್ಕೆ ಶಕ್ತಿ ದಾಟುವುದನ್ನು ಅಳೆಯಿರಿ. 24 ಜೋಡಿಗಳ ನೇರ ಡಿಎನ್‌ಎ ಸುಮಾರು 8.2 ನ್ಯಾನೊಮೀಟರ್ ಉದ್ದವಿರುತ್ತದೆ; ಅರ್ಧದಷ್ಟು ಶಕ್ತಿ ದಾಟುವ ದೂರ 5.5 ಇರುವ ಬಣ್ಣಗಳ ಜೋಡಿಯಲ್ಲಿ ಆಗ ದಾಟುವುದು ಶೇಕಡಾ 8 ಮಾತ್ರ, ಬಗ್ಗಿ ತುದಿಗಳು 5.5ಕ್ಕೆ ಬಂದರೆ ಶೇಕಡಾ 50. ದೂರದ ಆರನೆಯ ಘಾತಕ್ಕೆ ಇಷ್ಟು ತೀಕ್ಷ್ಣವಾಗಿ ಸ್ಪಂದಿಸುವ ಅಳತೆ ಇನ್ನೊಂದು ಸಿಗುವುದು ಕಷ್ಟ. ಸಿವೈ3 ಬಣ್ಣ ತುದಿಯಲ್ಲಿದ್ದರೆ ಪ್ರೋಟೀನ್ ಪಕ್ಕಕ್ಕೆ ಬಂದಾಗ ಅದರ ತಿರುಗಾಟ ಕುಂಠಿತವಾಗಿ ಹೊಳಪೇ ಹೆಚ್ಚುತ್ತದೆ, ಪ್ರೋಟೀನಿಗೆ ಏನನ್ನೂ ಅಂಟಿಸದೆ ಅದರ ಆಗಮನವನ್ನು ತಿಳಿಯಬಹುದು.

ನಿಮ್ಮ ಮ್ಯೂಟೆಂಟ್ ಡಿಎನ್‌ಎಯನ್ನು ಹಿಡಿದ ಮೇಲೆ ಒಳಗಿನ ಬೇಸ್‌ಗಳನ್ನು ಬೇರೆ ರೀತಿಯಲ್ಲಿ ಅಲುಗಿಸುತ್ತಿದೆಯೇ ಎಂಬ ಅನುಮಾನ ಬಂದರೆ 2-ಅಮಿನೊಪ್ಯೂರಿನ್ ಇದೆ. ಇದು ಅಡೆನಿನ್‌ನ ಜಾಗದಲ್ಲಿ ಕೂತು ಥೈಮಿನ್‌ನೊಂದಿಗೆ ಜೋಡಿಯಾಗುತ್ತದೆ, ನೆರೆಯ ಬೇಸ್‌ಗಳ ನಡುವೆ ಒತ್ತಿಕೊಂಡಿರುವಾಗ ಮಂಕಾಗಿರುತ್ತದೆ, ಹೊರಕ್ಕೆ ಸರಿದರೆ ಹೊಳೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದೇಸಿರಾಜು ಎನ್. ರಾವ್ ಅವರ ತಂಡ 2000ದಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಇಕೋಪಿ15ಐ ಮೀಥೈಲ್‌ಟ್ರಾನ್ಸ್‌ಫರೇಸ್ (ಡಿಎನ್‌ಎಗೆ ಮೀಥೈಲ್ ಗುಂಪನ್ನು ಸೇರಿಸುವ ಕಿಣ್ವ) ತನ್ನ ಗುರಿಯ ಅಡೆನಿನ್ನನ್ನು ಹೊರಕ್ಕೆ ತಿರುಗಿಸುವುದನ್ನು ಹೀಗೆಯೇ, ಎಂಟರಿಂದ ಹತ್ತು ಪಟ್ಟು ಹೆಚ್ಚಿದ ಹೊಳಪಿನಿಂದ ಗುರುತಿಸಿತು. ಇದನ್ನು ಮಾಡುವಾಗ ಒಂದು ಎಚ್ಚರಿಕೆ ಬೇಕು. ಈ ಬೇಸನ್ನು 310 ನ್ಯಾನೊಮೀಟರ್‌ನಲ್ಲಿ ಉದ್ರೇಕಿಸಿದರೆ ಅದರ ಬೆಳಕು 370ರ ಸುತ್ತ ಬರುತ್ತದೆ, ಆದರೆ 347ರ ಹತ್ತಿರ ಇನ್ನೊಂದು ಶಿಖರ ಯಾವಾಗಲೂ ಇರುತ್ತದೆ. ಅದು ನೀರಿನ ರಾಮನ್ ಚದುರಿಕೆ. 1923ರಲ್ಲಿ ಕೋಲ್ಕತ್ತಾದಲ್ಲಿ ಕೆ. ಆರ್. ರಾಮನಾಥನ್ ಈ ಕ್ಷೀಣ ಬೆಳಕನ್ನು ಶುದ್ಧ ನೀರಿನಲ್ಲಿ ಕಂಡಾಗ ಅದನ್ನು ದುರ್ಬಲವಾದ ಪ್ರತಿದೀಪ್ತಿ ಎಂದೇ ಭಾವಿಸಲಾಗಿತ್ತು. ಅದು ಪ್ರತಿದೀಪ್ತಿಯಲ್ಲ, ಹೊಸ ಬಗೆಯ ಚದುರಿಕೆ ಎಂಬುದು ಸಿ. ವಿ. ರಾಮನ್ ಮತ್ತು ಕೆ. ಎಸ್. ಕೃಷ್ಣನ್ ಅವರ 1928ರ ಕೆಲಸದಿಂದ ತಿಳಿಯಿತು. 2-ಅಮಿನೊಪ್ಯೂರಿನ್ ಮಂಕಾಗಿರುವಾಗ ಈ ಶಿಖರದ ಬುಡ ಅದರ ಬೆಳಕಿನೊಂದಿಗೆ ಬೆರೆತುಹೋಗುತ್ತದೆ. ಉದ್ರೇಕದ ತರಂಗಾಂತರವನ್ನು 310ರಿಂದ 315ಕ್ಕೆ ಸರಿಸಿ ನೋಡಿ: ರಾಮನ್ ಶಿಖರ 353ಕ್ಕೆ ಜಾಗ ಬದಲಿಸುತ್ತದೆ, ಬಣ್ಣದ ಶಿಖರ ಇದ್ದಲ್ಲಿಯೇ ಇರುತ್ತದೆ. ಪ್ರೋಟೀನ್ ಮತ್ತು ಬಫರ್ ಇರುವ, ಆದರೆ 2-ಅಮಿನೊಪ್ಯೂರಿನ್ ಇಲ್ಲದ ಸಾಮಾನ್ಯ ಡಿಎನ್‌ಎಯ ಕುವೆಟ್ಟನ್ನು ಪ್ರತಿ ಬಿಂದುವಿಗೂ ಜೊತೆಯಲ್ಲೇ ಓದಿ, ಅದನ್ನು ಕಳೆದ ಮೇಲೆಯೇ 370ರ ಎತ್ತರವನ್ನು ಪುಸ್ತಕದಲ್ಲಿ ಬರೆದುಕೊಳ್ಳಿ.